ಬಿಟ್ಟುಕೊಡದ ಚಿತ್ರ

ಶಿವಲಿಂಗವ್ವನ ಯಂತ್ರಗಣ್ಣು ಇನ್ನೇನು ನಿಂತುಹೋಗುವುದರಲ್ಲಿತ್ತು. ಅದನ್ನು ನಡೆಸುವ ಡ್ರೈವರ್ ಕೋಡ್ ಬರೆದ ಮುರುಗೇಶನೇ ಹುಬ್ಬಳ್ಳಿಯ ರಿಪೇರಿ ಅಂಗಡಿಗೆ ಬಂದು ಅವಳ ಎದುರು ಕುಳಿತಿದ್ದ. ತಪ್ಪು ಅವನದೇ. ನೋಡಿದ ಪ್ರತಿ ಚಿತ್ರಕ್ಕೂ ಕಣ್ಣು ಮೆಮೊರಿಯಲ್ಲಿ ಒಂದಿಷ್ಟು ಜಾಗ ಪಡೆದು, ಆಮೇಲೆ ಬಿಟ್ಟುಕೊಡಬೇಕು. ಕಣ್ಣೀರು ತುಂಬಿ ಚಿತ್ರ ಮಂಜಾದರೆ ಕೋಡ್ ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೊರಬರುತ್ತಿತ್ತು. ಬಿಟ್ಟುಕೊಡುವ ಸಾಲನ್ನು ಅಲ್ಲಿ ಬರೆಯಲು ಮರೆತಿದ್ದ. ಅಳುತ್ತ ನೋಡಿದ್ದೆಲ್ಲ ಒಳಗೇ ಉಳಿದು, ಎದುರಿನ ನೋಟದ ಮೇಲೆ ತೇಲುತ್ತಿತ್ತು.

“ಗಂಡನ ಮನೀಗೆ ಹೊಂಟಾಗ ಮಗಳು ಬಾಗಿಲಾಗ ನಿಂತಿದ್ಲಲ್ಲಾ, ಈಗೂ ಹಂಗ ಕಾಣ್ತಾಳಪಾ,” ಎಂದಳು ಶಿವಲಿಂಗವ್ವ. “ತೀರಿಕೊಂಡು ವರ್ಷಾತು. ಎಂಥಾ ಛಲೋ ಕಣ್ಣು ಮಾಡಿಯೋ ತಮ್ಮಾ, ನಿನ್ನ ಹೊಟ್ಟಿ ತಣ್ಣಗಿರಲಿ.”

ಮುರುಗೇಶ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡ. ಹಾಗೇ ಬಿಟ್ಟರೆ ಮೆಮೊರಿ ಪೂರ್ತಿ ತುಂಬಿ, ನಾಳೆ ಅವಳಿಗೆ ಬರೀ ಕತ್ತಲೆ. ಮರೆತ ಸಾಲನ್ನು ಸೇರಿಸಿ, ಕಣ್ಣನ್ನು ಒಮ್ಮೆ ಆರಿಸಿ ಹೊತ್ತಿಸಿದ; ಒಳಗೆ ಉಳಿದಿದ್ದ ಚಿತ್ರಗಳೆಲ್ಲ ಅಳಿಸಿಹೋದವು.

ಅಂಗಡಿ ಅವಳಿಗೆ ನಿಚ್ಚಳವಾಗಿ ಕಂಡಿತು. ಬಾಗಿಲ ಕಡೆ ತಿರುಗಿ ಬಹಳ ಹೊತ್ತು ನೋಡಿದಳು.

“ಹೋದ್ಲೇನಪಾ?”

“ಹೂನವ್ವಾ,” ಎಂದ ಮುರುಗೇಶ, ತಲೆ ಎತ್ತದೆ. “ಈಗಷ್ಟ ಹೋದ್ರು.”

“ನನಗ ಹೇಳದ ಹೋಗಾಕಿ ಅಲ್ಲಪಾ ಅಕಿ,” ಎಂದಳು ಶಿವಲಿಂಗವ್ವ.