ಅವ್ವ ಆರಿಸಿದ ಕಾರು

ಎಂಜಿನ್ ತಣಿಸುವ ಕೂಲಂಟ್ ಕಾದಾಗಿನ ಸಿಹಿ ವಾಸನೆ ಬಂದರೆ ಈಗಲೂ ನಿಪ್ಪಾಣಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ತೀರಿಕೊಂಡ ವರ್ಷ ಅದು. ಬಂಧುಬಳಗವೆಲ್ಲ ಕೂತು ಹೋಗಲೆಂದು ಅವಳೇ ಆರಿಸಿದ್ದ ಉದ್ದನೆಯ ಯುರೋಪಿನ ಕಾರು ಮತ್ತೆ ಎಂಜಿನ್ ಕುದಿದು ಗ್ಯಾರೇಜು ಸೇರಿತ್ತು.

“ಇದರ ಸಾಮಾನು ಪುಣೆದಿಂದ ಬರಬೇಕ್ರಿ. ಪ್ರತಿ ಸಲ ಖರ್ಚು ಭಾಳ. ನೀವಿಬ್ಬರ ಅದೀರಿ, ಸಣ್ಣ ಗಾಡಿ ತಗೋರಿ,” ಎಂದರು ಮಿಸ್ತ್ರಿ ದಸ್ತಗೀರ ಚಾಚಾ.

ಅಪ್ಪ ಮುಂದಿನ ಎಡಬಾಗಿಲು ತೆರೆದು, ಕಾದ ಸೀಟನ್ನು ಅಂಗೈಯಿಂದ ಒರೆಸಿದರು. ಅವ್ವ ಹೋದಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ. ಹಿಂದಿನ ಅಗಲವಾದ ಸೀಟಿನಲ್ಲಿ ನಾನೊಬ್ಬಳೇ ಇದ್ದೆ.

“ಸಾಮಾನು ತರಸ್ರಿ ಚಾಚಾ,” ಎಂದರು ಅಪ್ಪ. ಆಮೇಲೆ ನನ್ನತ್ತ ತಿರುಗಿ, “ಬಾರವ್ವ, ಮುಂದ ಬಂದು ಕುಂದರು,” ಎಂದರು.

ಮನೆಗೆ ಹೋಗುವ ಸಂಜೆಯ ಬಸ್ಸಿನ ಹೊತ್ತಿನವರೆಗೂ ಆ ನಿಂತ ಕಾರಿನಲ್ಲಿ ನಾವಿಬ್ಬರೂ ಮುಂದೆ ನೋಡುತ್ತ ಕೂತೆವು.