ಹಂಡೆ ನೀರಿನ ಗೆಲುವು

ಹಳೇ ಕಾರು ಒಮ್ಮೆಯೂ ಕೆಮ್ಮದೆ ಕೆರೆಯ ಏರಿ ಹತ್ತಿ ನಿಂತಾಗ ಲತಾಮಣಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಾರಿನಲ್ಲಿದ್ದದ್ದು ಅವಳ ಮಗಳು ನಯನ. ಹಿಂದಿನ ದಿನ ಇದೇ ಏರಿಯಲ್ಲಿ ಗಂಡ ನಟರಾಜು ತನ್ನ ತಗಡಿನ ಉಪಾಯ ಜೋಡಿಸಿ ಓಡಿಸಿದಾಗ ಅದು ಎರಡು ಸಲ ಮುಗ್ಗರಿಸಿ ಹತ್ತಿತ್ತು.

ಕಾರು ರಾಮನಗರದ ರೇಷ್ಮೆ ವ್ಯಾಪಾರಿ ಮುನಾವರ್ ಅವರ ತಾತನ ಕಾಲದ್ದು. ಪುಷ್ಯದ ಚಳಿಗೆ ಪೆಟ್ರೋಲು ಆವಿಯಾಗದೆ ಎಂಜಿನ್ ನಿಂತುಬಿಡುತ್ತಿತ್ತು. ಪೆಟ್ರೋಲು ಒಳಹೋಗುವ ಕೊಳವೆಯನ್ನು ಬೆಚ್ಚಗಿಡಬೇಕು. ಹೊಗೆ ಪೈಪಿನ ಶಾಖವನ್ನು ತಗಡು ಸುತ್ತಿ ಆ ಕೊಳವೆಯ ಕಡೆ ತಿರುಗಿಸೋಣ ಅಂದವನು ನಟರಾಜು. ರೇಡಿಯೇಟರಿನ ಬಿಸಿನೀರನ್ನು ತಾಮ್ರದ ಪೈಪಿನಲ್ಲಿ ಹಾಯಿಸೋಣ ಅಂದವಳು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ್ದ ನಯನ. ಅವಳದು ಗೆದ್ದರೆ ಕುದೂರಿನ ಏರಿ ಪಕ್ಕದ ಅಪ್ಪನ ಗ್ಯಾರೇಜಿನಲ್ಲೇ ಕೆಲಸ, ಸೋತರೆ ಊರ ಹುಡುಗಿಯರ ಜೊತೆ ಗಾರ್ಮೆಂಟ್ಸ್ ಬಸ್ಸು. ಅಪ್ಪ ಹಾಗೆ ಹೇಳಿಬಿಟ್ಟಿದ್ದ.

"ನೀನೇ ಗೆದ್ದೆ ಕಣವ್ವ," ಎಂದ ನಟರಾಜು.

ನಯನ ರೇಡಿಯೇಟರಿನ ಮುಚ್ಚಳ ತೆಗೆದಳು. ಆವಿಯ ಜೊತೆ ಸೌದೆ ಹೊಗೆಯ ವಾಸನೆ ಬಂತು. ಅವಳು ತಿರುಗಿ ಅಮ್ಮನನ್ನು ನೋಡಿದಳು.

"ಇದು ಲೆಕ್ಕಕ್ಕಿಲ್ಲ ಅಪ್ಪ. ಇದ್ರಲ್ಲಿ ಬಚ್ಚಲ ಹಂಡೆ ನೀರೈತೆ. ನಾಳೆ ತಣ್ಣೀರು ಹಾಕಿ ನೋಡಾನ."

ನಟರಾಜು ಗ್ಯಾರೇಜಿನೊಳಗೆ ಹೋದ. ಲತಾಮಣಿಗೆ ಮೈಯೆಲ್ಲ ಉರಿದುಹೋಯಿತು. ಈ ಹುಡುಗಿಗಾಗಿ ನಸುಕಿನಲ್ಲೆದ್ದು ಒಲೆ ಊದಿ, ಕುದಿಯುವ ನೀರನ್ನು ಯಾರಿಗೂ ಕಾಣದಂತೆ ತಂದು ಸುರಿದಿದ್ದಳು.

"ಬಾಯ್ ಮುಚ್ಕೊಂಡಿರಕ್ಕೆ ಏನಾಗಿತ್ತೇ ನಿಂಗೆ?"

"ಮುನಾವರ್ ಸಾಹೇಬ್ರ ಮನೇಲಿ ದಿನಾ ಯಾರಮ್ಮ ಹಂಡೆ ನೀರು ಹೊಯ್ಯೋರು?"

ಲತಾಮಣಿ ಸಾರಿಗೆ ನೀರು ಬೆರೆಸಿ ನೆಂಟರಿಗೆ ಸಾಲುವಂತೆ ಮಾಡಿದವಳು, ಅಪ್ಪನ ಮಾತನ್ನು ಮಗಳಿಗೆ, ಮಗಳ ಮಾತನ್ನು ಅಪ್ಪನಿಗೆ ಮೆತ್ತಗೆ ಮಾಡಿ ದಾಟಿಸಿದವಳು. ಹಾಗೆ ಸರಿದೂಗಿಸದೆಯೂ ನೆಟ್ಟಗೆ ನಿಲ್ಲಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಇಳಿಯುತ್ತಿದ್ದ ಹಾಗೆ ಎದೆಯೊಳಗೆ ಬೇರೇನೋ ಉಬ್ಬಿಬಂತು. ಮಗಳ ಎದುರು ತೋರಿಸಿಕೊಳ್ಳಲು ನಾಚಿ ಅಡುಗೆಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಮುನಾವರ್ ತಾವೇ ನೋಡಲು ಬಂದರು. ಕಾರು ಅರ್ಧ ಏರಿ ಹತ್ತಿ, ಕೆಮ್ಮಿ, ನಿಂತಿತು. ನಯನ ಇಳಿದು ಬಂದು ಅವರಿಗೇ ಹೇಳಿದಳು: ನೀರು ಕಾಯುವುದು ತಡ, ತಣ್ಣಗಿನ ಎಂಜಿನ್ನಿಗೆ ಅಪ್ಪನ ತಗಡೇ ಸರಿ.

ಮುನಾವರ್ ನಕ್ಕರು. "ಮಗಳು ಸೋತಳು ಅನ್ನಿ, ನಟರಾಜಣ್ಣ. ಗಾಡಿ ನಿಮ್ಮ ಕೈಗೇ ಒಪ್ಸಿ ಹೋಗ್ತೀನಿ."

ನಟರಾಜು ಕೈಗಂಟಿದ ಎಣ್ಣೆಯನ್ನು ಬಟ್ಟೆಗೆ ನಿಧಾನವಾಗಿ ಒರೆಸಿಕೊಂಡ.

"ಅವ್ಳ ಕೈಗೆ ಒಪ್ಸಿ ಸಾಹೇಬ್ರೇ. ನಿನ್ನೆ ಹಂಡೆ ನೀರಲ್ಲಿ ಗೆದ್ದಿದ್ಲು, ತಾನೇ ಬೇಡ ಅಂದ್ಲು. ನಾನಾಗಿದ್ರೆ ಹೇಳ್ತಿರ್ಲಿಲ್ಲ."