ಅಕ್ಕೋರ ಜಗಲಿ

ಕಪಾಟು ಆಯಿತು, ಟ್ರಂಕು ಆಯಿತು, ಹಾಸಿಗೆಯ ಅಡಿಯೂ ಆಯಿತು. ವಿಶ್ವನಾಥ ಈಗ ಗೋಡೆಯ ಪಟಗಳ ಹಿಂದೆ ಕೈಹಾಕಿ ತಡಕುತ್ತಿದ್ದ. ಗಂಟೆ ಒಂದೂವರೆ. ಮೂರಕ್ಕೆ ಕುಮಟೆಯ ಕಚೇರಿಯಲ್ಲಿ ವಿಚಾರಣೆ.

ಮಂಚದ ಮೇಲೆ ಸುಮತಿ ಟೀಚರ್ ಎಲ್ಲವನ್ನೂ ನೋಡುತ್ತಿದ್ದರು. ಕಡತ ಎಲ್ಲಿದೆಯೆಂದು ಈ ಲೋಕದಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಹೇಳುವ ದಾರಿ ಮಾತ್ರ ಇರಲಿಲ್ಲ.

ಹನ್ನೆರಡು ದಿನದ ಹಿಂದೆ ಬಚ್ಚಲಲ್ಲಿ ಕುಸಿದವರು ಕಣ್ಣು ಬಿಟ್ಟಾಗ ಬಲಗೈ, ಬಲಗಾಲು ಸತ್ತಿದ್ದವು. ನಾಲಿಗೆಯಿಂದ ಹೊರಟಿದ್ದು ಬರೀ ಜರ್ಮನ್. ಯಾರೇನು ಹೇಳಿದರೂ ಅರ್ಥವಾಗುತ್ತಿತ್ತು. ಉತ್ತರಿಸಲು ಹೋದರೆ ಕನ್ನಡದ ಒಂದು ಅಕ್ಷರವೂ ಸಿಗುತ್ತಿರಲಿಲ್ಲ. ಎಡಗೈಗೆ ಪೆನ್ನು ಕೊಟ್ಟರೆ ಬರೀ ಗೀಚು. ತಾಯಿನುಡಿ ಹೋಗಿ ಆಮೇಲೆ ಕಲಿತದ್ದು ಉಳಿಯುವುದೂ ಉಂಟು ಎಂದು ಡಾಕ್ಟರು ಹೇಳಿ ಕೈ ತೊಳೆದುಕೊಂಡಿದ್ದರು.

ಹಣೆಬರಹ ನೋಡಿ. ಇದೇ ಮನೆಯ ಜಗಲಿಯಲ್ಲಿ ಇಪ್ಪತ್ತೆರಡು ವರ್ಷ ಟೀಚರ್ ನರ್ಸಿಂಗ್ ಹುಡುಗಿಯರಿಗೆ ಪುಕ್ಕಟೆ ಜರ್ಮನ್ ಕಲಿಸಿದ್ದರು. ಭಟ್ಕಳ, ಹೊನ್ನಾವರ, ಹಿರೇಗುತ್ತಿಯಿಂದ ಬಸ್ಸು ಹಿಡಿದು ಬರುತ್ತಿದ್ದರು. ಕಲಿತವರೆಲ್ಲ ಆ ಭಾಷೆಯ ನಾಡಿಗೇ ಹೋದರು. ಊರಲ್ಲಿ ಜರ್ಮನ್ ತಿಳಿದ ನರಪಿಳ್ಳೆಯೂ ಉಳಿಯಲಿಲ್ಲ.

ಎರಡು ವರ್ಷದಿಂದ ಪಾಠ ನಿಲ್ಲಿಸಿ ಬಾಡ ಎಂಬ ಊರಿನ ನಲವತ್ತೊಂದು ಮನೆಗಳ ಕೆಲಸ ಹಿಡಿದಿದ್ದರು. ಅಜ್ಜನ ಕಾಲದಿಂದ ಅರಣ್ಯದ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರು; ವಿಶ್ವನಾಥನೂ ಅವರಲ್ಲೊಬ್ಬ. ಹಕ್ಕುಪತ್ರ ಬೇಕೆಂದರೆ ಮೂರು ತಲೆಮಾರಿನ ದಾಖಲೆ ತೋರಿಸಬೇಕು. ಹಳೇ ಶಾಲೆಗಳ ಪಟ್ಟಿ, ಜನನ ಮರಣದ ಕಾಗದ, ಒಂದೊಂದಕ್ಕೂ ಹತ್ತು ಬಾಗಿಲು ಅಲೆದು ಕಡತ ಮಾಡಿದ್ದರು. ಜೆರಾಕ್ಸ್ ನಡೆಯದು, ಮೂಲ ಕಾಗದವೇ ಬೇಕು, ಇದೇ ಕೊನೆಯ ದಿನ ಎಂದು ನೋಟಿಸು ಬಂದಿತ್ತು.

ಸಮುದ್ರದ ಗಾಳಿಗೆ ಕಾಗದ ಬೂಸಲು ಹಿಡಿಯುತ್ತದೆ. ತೇವ ತಾಗಬಾರದ್ದನ್ನು ಅಕ್ಕಿಯಲ್ಲಿ ಹೂಳಿಡುವುದು ಟೀಚರ ತಾಯಿಯ ಕ್ರಮ. ಬೀಳುವ ಹಿಂದಿನ ದಿನ ಟೀಚರೂ ಹಾಗೇ ಮಾಡಿದ್ದರು. ಪ್ಲಾಸ್ಟಿಕ್ ಸುತ್ತಿ, ಅಡುಗೆಮನೆಯ ಅಕ್ಕಿ ಡ್ರಮ್ಮಿನ ತಳಕ್ಕೆ.

ಎಡಗೈಯಿಂದ ಅಡುಗೆಮನೆ ತೋರಿಸಿದರು. ವಿಶ್ವನಾಥನ ಹೆಂಡತಿ ಗಣಪಿ ನೀರು ತಂದಳು. ಅನ್ನ ಉಣ್ಣುವ ಸನ್ನೆ ಮಾಡಿದರು. ಗಣಪಿ ಗಂಜಿ ತಂದಳು. ಟೀಚರ್ ಬಟ್ಟಲನ್ನು ನೂಕಿದರು. ಗಂಜಿ ಹೊದಿಕೆಯ ಮೇಲೆಲ್ಲ ಚೆಲ್ಲಿತು. ಕನ್ನಡಕ್ಕೆ ತಿರುಗಿಸಿ ಹೇಳೀತೆಂದು ವಿಶ್ವನಾಥ ಮೊಬೈಲನ್ನು ಅವರ ಬಾಯಿಗೆ ಹಿಡಿದ. ಆ ತೊದಲು ಕೇಳಿ ಮೊಬೈಲು ಯಾವುದೋ ರೈಲಿನ ವೇಳೆ ಹೇಳಿತು. ಜರ್ಮನಿಯಲ್ಲಿ ನರ್ಸಾಗಿರುವ ಟೀಚರ ಶಿಷ್ಯೆ ಅರ್ಚಿತಾಳಿಗೆ ಆರು ಸಲ ಫೋನು ಮಾಡಿದ. ವಾರ್ಡಿನಲ್ಲಿದ್ದಳೋ ಏನೋ, ಎತ್ತಲಿಲ್ಲ.

“ಅಕ್ಕೋರೇ, ಎಲ್ಲಿಟ್ರಿ? ಒಂದೇ ಶಬ್ದ ಹೇಳಿ. ಮಕ್ಕಳು ಮರಿ ಎಲ್ಲ ಬೀದಿಗೆ ಬೀಳ್ತೇವೆ.”

ಗಾಬರಿಗೆ ಜರ್ಮನ್ನೂ ಕೈಕೊಟ್ಟಿತು. ‘ಒಳಗೆ’, ‘ಕೆಳಗೆ’ ಎಂಬ ತುಂಡುಗಳಷ್ಟೇ ಹೊರಬಿದ್ದವು. ಟೀಚರ ಬೆನ್ನಿಗೆ ಆಸರೆಯಾಗಿ ಕೂತಿದ್ದ ಬಂಗಾರಿ ಏನೋ ಹೇಳಲು ಬಾಯಿ ತೆರೆದಳು. ವಿಶ್ವನಾಥ ಕೈಯೆತ್ತಿ ತಡೆದ.

“ನೀ ಸುಮ್ನಿರೇ. ಅಕ್ಕೋರು ಎಂತ ಹೇಳ್ತ್ರು ಕೇಳ್ವ.”

ಬಂಗಾರಿಯೂ ಬಾಡದವಳೇ; ಕಡತದಲ್ಲಿ ಹದಿನೇಳನೆಯ ಮನೆ ಅವಳದು. ಟೀಚರ ಮನೆಗೆಲಸಕ್ಕೆ ಸೇರಿದಾಗ ಪಾಠ ಆಗಷ್ಟೇ ಶುರುವಾಗಿತ್ತು. ಓದುಬರಹ ಇಲ್ಲ. ಕೆಲಸದಲ್ಲೋ ಆಮೆ, ಪಾಠದ ಹೊತ್ತಿಗೆ ಪೊರಕೆ ಹಿಡಿದು ಬಂದರೆ ಗೇಣುದ್ದದ ಜಗಲಿಗೆ ಒಂದು ತಾಸು. ಜಗಲಿ ಸವೆದುಹೋದೀತು ಮಾರಾಯ್ತಿ ಎಂದು ಟೀಚರ್ ನಗುತ್ತಿದ್ದರು, ಹುಡುಗಿಯರೂ ನಗುತ್ತಿದ್ದರು. ಈಗ ಅವಳೇ ಗತಿ. ಬಾಯಾರಿದೆ ಎಂದು ಗೊಣಗಿದರೆ ನೀರು, ಸೆಖೆ ಎಂದರೆ ತೆರೆದ ಕಿಟಕಿ. ಹಳೇ ಜೀವ, ಮುಖ ನೋಡಿಯೇ ತಿಳಿಯುತ್ತಾಳೆ ಎಂದುಕೊಂಡಿದ್ದರು ಟೀಚರ್.

ಎರಡೂಕಾಲಕ್ಕೆ ವಿಶ್ವನಾಥ ಕೈಚೆಲ್ಲಿದ. ಸಾಹೇಬರ ಕಾಲು ಹಿಡಿದಾದರೂ ಇನ್ನೊಂದು ತಾರೀಖು ಕೇಳುತ್ತೇನೆಂದು ಗಣಪಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ.

ಮನೆ ಭಣಭಣ. ಟೀಚರ್ ಅತ್ತರು. ಅಳು ಇಳಿದ ಮೇಲೆ, ಯಾರಿಗೂ ಬೇಡವಾದ ಹೊತ್ತಿನಲ್ಲಿ, ವಾಕ್ಯ ಇಡಿಯಾಗಿ ಬಾಯಿಗೆ ಬಂತು. ಜರ್ಮನ್ನಿನಲ್ಲಿ, ಗೋಡೆಗೆ ಹೇಳುವಂತೆ ಹೇಳಿದರು: ಅದು ಅಕ್ಕಿಯ ಡ್ರಮ್ಮಿನಲ್ಲಿದೆ, ತಳದಲ್ಲಿದೆ, ದೇವರೇ.

ಬಂಗಾರಿ ಅವರ ಬೆನ್ನಿಗೆ ದಿಂಬು ಕೊಟ್ಟು ಎದ್ದಳು. ಅಡುಗೆಮನೆಯಲ್ಲಿ ಮುಚ್ಚಳದ ಸದ್ದಾಯಿತು. ಇಂಥ ಹೊತ್ತಿನಲ್ಲಿ ಅನ್ನಕ್ಕಿಡುತ್ತಿದ್ದಾಳೆ ಎಂದು ಟೀಚರಿಗೆ ಮೈಯೆಲ್ಲ ಉರಿಯಿತು. ಮರುಕ್ಷಣ ಹಿತ್ತಿಲ ಬಾಗಿಲು ಕಿರುಗುಟ್ಟಿತು. ಕೂಗಿದರು. ಹೆಜ್ಜೆ ಸದ್ದು ಓಡುತ್ತ ದೂರವಾಯಿತು. ಅವಳೂ ಬಿಟ್ಟುಹೋದಳು. ಹೋಗದೆ ಏನು ಮಾಡಿಯಾಳು? ಅವಳ ಮನೆಯೂ ಇವತ್ತು ಮುಳುಗಿತಲ್ಲ.

ಗಡಿಯಾರ ಮೂರು ಹೊಡೆಯಿತು. ನಾಲ್ಕು ಹೊಡೆಯಿತು. ನಲವತ್ತೊಂದು ಮನೆಗಳ ಹೆಸರನ್ನು ಟೀಚರ್ ಮನಸ್ಸಿನಲ್ಲೇ ಒಂದೊಂದಾಗಿ ಕರೆದು ಕ್ಷಮೆ ಕೇಳಿದರು. ಬಚ್ಚಲಲ್ಲಿ ಬಿದ್ದ ದಿನವೇ ಸಾಯಬಾರದಿತ್ತೇ ಎನಿಸಿತು.

ಐದೂವರೆಗೆ ಬಂಗಾರಿ ಬಂದಳು. ಕಾಲೆಲ್ಲ ಕೆಂಧೂಳು. ಮಂಚದ ಪಕ್ಕ ಮಂಡಿಯೂರಿ ಟೀಚರ ಕಣ್ಣು, ಬಾಯಿ ಒರೆಸಿದಳು. ಸೆರಗಿನ ಮಡಿಕೆಯಿಂದ ನಾಲ್ಕು ಕಾಳು ಅಕ್ಕಿ ಹಾಸಿಗೆಗೆ ಉದುರಿತು.

“ಕಡತವನ್ನು ಮೂರು ಗಂಟೆಯ ಒಳಗೇ ಕೊಟ್ಟೆ. ನಲವತ್ತೊಂದು ಮನೆಗಳದ್ದೂ ತೆಗೆದುಕೊಂಡರು. ಇನ್ನು ಅಳಬೇಡಿ,” ಎಂದಳು ಬಂಗಾರಿ, ಎಲ್ಲೂ ತಡವರಿಸದೆ, ಜರ್ಮನ್ನಿನಲ್ಲಿ.